ಟ್ಯೂಬ್‌ಲೈಟಿನ ಕೆಳಗೆ ಕತ್ತಲೆ ಸಿನಿಮಾ

"ಏನೂ ಕಾಣಿಸ್ತಾ ಇಲ್ಲ, ಸ್ವಲ್ಪ ಬ್ರೈಟ್‌ನೆಸ್ ಜಾಸ್ತಿ ಮಾಡು" - ಈ ಮಾತು ಕೇಳದ ಮನೆ ಇರಲಿಕ್ಕಿಲ್ಲ. ರಾತ್ರಿಯ ದೃಶ್ಯ ಬಂತೆಂದರೆ ಸಾಕು, ಟಿವಿ ಪರದೆಯಲ್ಲಿ ನಾಯಕನಿಗಿಂತ ನಮ್ಮ ಸೋಫಾ, ಹಿಂದಿನ ಕಿಟಕಿ, ಗೋಡೆಯ ಟ್ಯೂಬ್‌ಲೈಟೇ ಚೆನ್ನಾಗಿ ಕಾಣುತ್ತವೆ :) ಬೈಗುಳ ಮಾತ್ರ ಕ್ಯಾಮೆರಾಮನ್‌ಗೆ. ಆದರೆ ಈ ಜಗಳದ ಕತೆ ಹಳೆಯದು. ಅದರಲ್ಲಿ ನಮ್ಮ ಮೈಸೂರಿನವರೊಬ್ಬರೂ ಬರುತ್ತಾರೆ.

ಮೊದಲು ಒಂದು ವಿಚಿತ್ರ ಹೇಳಿಬಿಡುತ್ತೇನೆ. ಥಿಯೇಟರಿನ ಪರದೆ ನಮ್ಮ ಮನೆಯ ಟಿವಿಗಿಂತ ಮಂಕು! ಡಿಜಿಟಲ್ ಸಿನಿಮಾದಲ್ಲಿ ಬಿಳಿ ಬಣ್ಣಕ್ಕೆ ಗೊತ್ತುಮಾಡಿರುವ ಬೆಳಕು 48 ನಿಟ್ ಮಾತ್ರ. ಈಗಿನ ಟಿವಿಗಳು ಅದರ ಎಷ್ಟೋ ಪಟ್ಟು ಬೆಳಕು ಚೆಲ್ಲುತ್ತವೆ. ಆದರೂ ಥಿಯೇಟರಿನಲ್ಲಿ ಕಾಣುವುದು ಇಲ್ಲಿ ಕಾಣುವುದಿಲ್ಲ. ಯಾಕೆಂದರೆ ಅಲ್ಲಿ ಕತ್ತಲೆ ಇರುವುದು ಕೋಣೆಯಲ್ಲಿ. ಕಣ್ಣು ಅದಕ್ಕೆ ಹೊಂದಿಕೊಂಡು, ಕಪ್ಪಿನೊಳಗಿನ ಕಪ್ಪನ್ನೂ ಬೇರೆ ಮಾಡಿ ನೋಡುತ್ತೆ. ಮನೆಯಲ್ಲಿ ಪರದೆಯ ಮೇಲೆ ಬಿದ್ದು ವಾಪಸ್ ಬರುವ ಬೆಳಕಿಗಿಂತ ಕಪ್ಪಾದದ್ದನ್ನು ಯಾವ ಟಿವಿಯೂ ತೋರಿಸಲಾರದು.

ಈ ಕೋಣೆಯ ಕತ್ತಲೆಯನ್ನು ನಂಬಿ ಕೆಲಸ ಮಾಡಿದವರಲ್ಲಿ ಗಾರ್ಡನ್ ವಿಲ್ಲಿಸ್ ಹೆಸರು ದೊಡ್ಡದು. 1972ರ 'ದಿ ಗಾಡ್‌ಫಾದರ್' ನೋಡಿದವರಿಗೆ ಗೊತ್ತು, ಮರ್ಲಾನ್ ಬ್ರಾಂಡೋ ಕಣ್ಣುಗಳು ಎಷ್ಟೋ ಕಡೆ ಕಾಣುವುದೇ ಇಲ್ಲ. ಬ್ರಾಂಡೋಗೆ ಹಾಕಿದ್ದ ಮೇಕಪ್ಪಿಗೆ ಹೊಂದಲಿ ಅಂತ ಬೆಳಕನ್ನು ತಲೆಯ ಮೇಲಿನಿಂದ ಬಿಟ್ಟಿದ್ದರು, ಹುಬ್ಬಿನ ಕೆಳಗೆಲ್ಲ ನೆರಳು. ಸ್ಟುಡಿಯೋದವರಿಗೆ ಗಾಬರಿ. ವಿಲ್ಲಿಸ್ ಇನ್ನೂ ಗಟ್ಟಿ ಮನುಷ್ಯ. ನೆಗೆಟಿವ್ ಮೇಲೆ ಬೀಳಿಸುತ್ತಿದ್ದ ಬೆಳಕೇ ಅಷ್ಟು ಕಡಿಮೆ, ಆಮೇಲೆ ಲ್ಯಾಬಿನಲ್ಲಿ ಯಾರೋ ಬೆಳಗಿಸೋಣ ಅಂದುಕೊಂಡರೂ ಅಲ್ಲಿ ಬೆಳಗಿಸಲು ಏನೂ ಇರುತ್ತಿರಲಿಲ್ಲ. ಅವರಿಗೆ 'ಕತ್ತಲೆಯ ರಾಜಕುಮಾರ' ಅಂತ ಹೆಸರಿಟ್ಟದ್ದು ಇನ್ನೊಬ್ಬ ಕ್ಯಾಮೆರಾಮನ್ ಕಾನ್ರಾಡ್ ಹಾಲ್. ಆಸ್ಕರ್‌ನವರು ಆ ಚಿತ್ರದ ಛಾಯಾಗ್ರಹಣಕ್ಕೆ ನಾಮನಿರ್ದೇಶನ ಕೂಡ ಕೊಡಲಿಲ್ಲ!

ಇದಕ್ಕೂ ಹದಿಮೂರು ವರ್ಷ ಮೊದಲು, 1959ರಲ್ಲಿ, ವಿ.ಕೆ. ಮೂರ್ತಿ 'ಕಾಗಜ್ ಕೇ ಫೂಲ್' ಮುಗಿಸಿದ್ದರು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಬೊಂಬಾಯಿಗೆ ಹೋಗಿ ಗುರುದತ್ ಜೊತೆ ಸೇರಿದವರು. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಗೀತಾ ದತ್ ಹಾಡಿದ ಆ ಪ್ರಸಿದ್ಧ ಹಾಡಿನಲ್ಲಿ ಖಾಲಿ ಸ್ಟುಡಿಯೋ ಒಳಗೆ ಮೇಲಿನಿಂದ ಕಂಬದ ಹಾಗೆ ಇಳಿಯುವ ಬೆಳಕು ಇದೆಯಲ್ಲ, ಅದು ಲೈಟು ಅಲ್ಲ, ನಿಜವಾದ ಬಿಸಿಲು. ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿಗೆ ಬಿಸಿಲು ಬೀಳಿಸಿ, ಅಲ್ಲಿಂದ ಕೆಳಗಿಳಿಸಿದ್ದು. ಬಿಸಿಲಿನ ಕಿರಣಗಳು ಸ್ಟುಡಿಯೋ ಲೈಟಿನ ಹಾಗೆ ಹರಡದೆ ನೇರವಾಗಿ ಬರುತ್ತವೆ ಅನ್ನೋದೇ ಅದರ ಗುಟ್ಟು.

ಆ ಕಂಬಕ್ಕೆ ಬೆಲೆ ಬರುವುದು ಸುತ್ತಲಿನ ಕಪ್ಪಿನಿಂದ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಎಲ್ಲಿ? ದೂರದರ್ಶನದಲ್ಲಿ, ವಿಸಿಆರ್‌ನಲ್ಲಿ, ಆಮೇಲೆ ಫುಟ್‌ಪಾತ್ ವಿಸಿಡಿಯಲ್ಲಿ. ಅಗಲದ ಚಿತ್ರ ಚೌಕ ಪೆಟ್ಟಿಗೆಗೆ ಹಿಡಿಸಲಿ ಅಂತ ಎರಡೂ ಬದಿ ಕತ್ತರಿಸಿದ್ದು ಒಂದು ಕಡೆ. ಇನ್ನೊಂದು ಕಡೆ ನಾವೇ ಬ್ರೈಟ್‌ನೆಸ್ ತಿರುಗಿಸುತ್ತಿದ್ದೆವು. ಆ ಹಳೆಯ ಪೆಟ್ಟಿಗೆಗಳ ಬ್ರೈಟ್‌ನೆಸ್ ಮುಖ್ಯವಾಗಿ ಮಾಡುತ್ತಿದ್ದದ್ದು ಕಪ್ಪನ್ನು ಮೇಲಕ್ಕೆತ್ತುವ ಕೆಲಸ, ಅಂದರೆ ಕಪ್ಪನ್ನು ಬೂದಿ ಮಾಡುವುದು. ಮೂರ್ತಿಯವರನ್ನು ಬಾಯಿತುಂಬ ಹೊಗಳುವ ನಾವು ಅವರ ಕಪ್ಪನ್ನು ನೋಡಿಯೇ ಇಲ್ಲ, ಬೂದಿ ನೋಡಿದ್ದೇವೆ. ನನಗೆ ಇದು ಸಣ್ಣ ನಷ್ಟ ಅನ್ನಿಸುವುದಿಲ್ಲ.

ಗಾಡ್‌ಫಾದರ್ ಸ್ವಲ್ಪ ಪುಣ್ಯ ಮಾಡಿತ್ತು. ಪ್ರಿಂಟ್ ತೆಗೆದು ತೆಗೆದು ಹಾಳಾಗಿದ್ದ ನೆಗೆಟಿವ್ ಅನ್ನು ರಾಬರ್ಟ್ ಹ್ಯಾರಿಸ್ ಸರಿಪಡಿಸಿ, ವಿಲ್ಲಿಸ್ ಅವರನ್ನೇ ಕೇಳಿ ಕೇಳಿ ಬಣ್ಣ, ನೆರಳು ಹೊಂದಿಸಿದರು. ಅದು 2008ರಲ್ಲಿ ಬಂತು. ಮರುವರ್ಷ ವಿಲ್ಲಿಸ್‌ಗೆ ಗೌರವ ಆಸ್ಕರ್. ಇನ್ನೆರಡು ತಿಂಗಳಿಗೆ, 2010ರ ಜನವರಿಯಲ್ಲಿ, ಮೂರ್ತಿಯವರಿಗೆ ಫಾಲ್ಕೆ ಪ್ರಶಸ್ತಿ ಘೋಷಣೆಯಾಯಿತು, ಕ್ಯಾಮೆರಾಮನ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಇಬ್ಬರೂ ತೀರಿಕೊಂಡದ್ದು 2014ರಲ್ಲೇ, ಒಬ್ಬರು ಏಪ್ರಿಲ್, ಇನ್ನೊಬ್ಬರು ಮೇ.

ಈಗ 2019ಕ್ಕೆ ಬರೋಣ. ಏಪ್ರಿಲ್ 28ರಂದು 'ಗೇಮ್ ಆಫ್ ಥ್ರೋನ್ಸ್'ನ 'ದಿ ಲಾಂಗ್ ನೈಟ್' ಕಂತು ಬಂತು. 55 ರಾತ್ರಿ ನಿದ್ದೆಗೆಟ್ಟು ಚಿತ್ರೀಕರಿಸಿದ ಯುದ್ಧ. ಯಾರು ಯಾರನ್ನು ಕಡಿದರೋ ನೋಡುವವರಿಗೆ ತಿಳಿಯಲಿಲ್ಲ. ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಹೇಳಿದ್ದು ಇಷ್ಟೇ: ಕತ್ತಲೆ ಬೇಕೆಂದೇ ಇಟ್ಟದ್ದು, ಜನರಿಗೆ ಟಿವಿ ಸರಿಯಾಗಿ ಹೊಂದಿಸಲು ಬರುವುದಿಲ್ಲ. ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಕೇಬಲ್ಲು, ಇಂಟರ್ನೆಟ್ಟಿನಲ್ಲಿ ಚಿತ್ರ ಹಿಂಡಿ ಕಳಿಸುವಾಗ ಮೊದಲು ಪೆಟ್ಟು ಬೀಳುವುದು ಕತ್ತಲೆಗೇ. ಮಾಮೂಲಿ 8 ಬಿಟ್ ವಿಡಿಯೋದಲ್ಲಿ ಕಪ್ಪಿನಿಂದ ಬಿಳಿವರೆಗೆ 220 ಮೆಟ್ಟಿಲು ಮಾತ್ರ. ತೀರ ಕಪ್ಪಿನ ಕಡೆ ಸಿಗುವ ಕೆಲವೇ ಮೆಟ್ಟಿಲುಗಳಲ್ಲೂ ಸಣ್ಣ ವ್ಯತ್ಯಾಸಗಳನ್ನು ಅಳಿಸಿಹಾಕಿದರೆ ಹೊಗೆಯೂ ರಾತ್ರಿಯೂ ಚೌಕ ಚೌಕವಾಗಿ ಒಡೆಯುತ್ತವೆ. 2022ರಲ್ಲಿ 'ಹೌಸ್ ಆಫ್ ದಿ ಡ್ರ್ಯಾಗನ್' ಏಳನೇ ಕಂತಿನಲ್ಲಿ ಹಗಲಲ್ಲಿ ತೆಗೆದು ರಾತ್ರಿ ಮಾಡಿದ ದೃಶ್ಯಗಳಿಗೂ ಇದೇ ದೂರು, ಇದೇ ಉತ್ತರ.

ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಮೂರ್ತಿ, ವಿಲ್ಲಿಸ್ ದುಡಿದದ್ದು ದೀಪ ಆರಿಸಿದ ಥಿಯೇಟರಿಗಾಗಿ. ಆ ಚಿತ್ರಗಳನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದು ನಾವು. ಆದರೆ ಲಾಂಗ್ ನೈಟ್ ಮಾಡಿದವರಿಗೆ ಇದು ಹೋಗುವುದು ಮನೆಗೇ, ಅಲ್ಲಿ ಯಾರೋ ಊಟದ ತಟ್ಟೆ ಹಿಡಿದು ಕೂತಿರುತ್ತಾರೆ ಅಂತ ಮೊದಲೇ ಗೊತ್ತಿತ್ತು. ಅವರ ಮೇಲೆ ನನಗೆ ಅಷ್ಟು ಕನಿಕರ ಇಲ್ಲ.

'ಕಾಗಜ್ ಕೇ ಫೂಲ್'ನ ಒಳ್ಳೆಯ ಪ್ರತಿ ಸಿಕ್ಕರೆ ರಾತ್ರಿ ಎಲ್ಲ ದೀಪ ಆರಿಸಿ, ಬ್ರೈಟ್‌ನೆಸ್ ಮುಟ್ಟದೆ ಒಮ್ಮೆ ನೋಡಿ. ಮೊದಲ ಹತ್ತು ನಿಮಿಷ ಕಣ್ಣಿಗೆ ಬಿಟ್ಟುಬಿಡಿ, ಆ ಹಾಡು ಬರುವುದು ಆಮೇಲೆ.