ಅಡ್ಮಿರಲ್ ಹ್ಯೂಸ್ ಮತ್ತು ಮಂಗಳೂರಿನ ಹಡಗುಗಳು

ಹೈದರಾಲಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆತನ ಕುದುರೆಯ ದಂಡು. ಆತನಿಗೆ ಮಂಗಳೂರಿನಲ್ಲಿ ಯುದ್ಧದ ಹಡಗುಗಳೂ ಇದ್ದುವೆಂಬುದನ್ನು ನಾವು ನೆನೆಯುವುದು ಅಪರೂಪ. ಅವುಗಳನ್ನು ಹಾಳುಗೆಡವಿದವನು ಸರ್ ಎಡ್ವರ್ಡ್ ಹ್ಯೂಸ್ ಎಂಬ ಬ್ರಿಟಿಷ್ ನೌಕಾಧಿಪತಿ. ಮುಂಬಯಿಯಲ್ಲಿ ನೆಲೆಸಿರುವ ನಾವು ಆತನ ವೃತ್ತಾಂತವನ್ನು ಅರಿಯಬೇಕು. ಅದರಲ್ಲಿ ಮಂಗಳೂರಿನ ಪಾತ್ರವೂ ಇದೆ, ಮುಂಬಯಿಯ ಪಾತ್ರವೂ ಇದೆ.

ಹ್ಯೂಸ್ 1735ರಲ್ಲಿ ನೌಕಾಪಡೆಯನ್ನು ಸೇರಿದನು. 1739ರ ಪೋರ್ಟೊ ಬೆಲೊ, 1759ರ ಕ್ವಿಬೆಕ್ ಕಾಳಗಗಳಲ್ಲಿ ಪಳಗಿ, 1773ರಲ್ಲಿ ಹಿಂದೂ ಮಹಾಸಾಗರದ ಪಡೆಗೆ ಮುಖ್ಯಸ್ಥನಾಗಿ ನೇಮಕಗೊಂಡನು. ಮುಂದೆ ಜಗದ್ವಿಖ್ಯಾತನಾದ ನೆಲ್ಸನ್ ಆಗ ಆ ಪಡೆಯ ಹಡಗೊಂದರಲ್ಲಿದ್ದ ಎಳೆಯ ಹುಡುಗ. ಹ್ಯೂಸ್ ಸ್ವದೇಶಕ್ಕೆ ಹೋಗಿ, ರಿಯರ್ ಅಡ್ಮಿರಲ್ ಆಗಿ ಮತ್ತೆ ಇಲ್ಲಿಗೇ ಬಂದನು.

1780ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸೈನ್ಯವು ಪೊಲ್ಲಿಲೂರಿನಲ್ಲಿ ಇಂಗ್ಲಿಷರನ್ನು ಮಣ್ಣುಮುಕ್ಕಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯೂಸ್ ಮಂಗಳೂರಿನ ಮೇಲೆರಗಿ ಹೈದರನ ಹಡಗುಗಳನ್ನು ನಾಶಮಾಡಿದನು. ನೆಲದಲ್ಲಿ ಗೆದ್ದ ಹೈದರನಿಗೆ ಜಲದಲ್ಲಿ ಫ್ರೆಂಚರ ನೆರವಿನ ಹಾದಿ ಕಾಯುವುದೊಂದೇ ಉಳಿಯಿತು.

ಆ ನೆರವು ಸುಫ್ರೆನ್ ಎಂಬ ಫ್ರೆಂಚ್ ದಳಪತಿಯ ರೂಪದಲ್ಲಿ ಬಂದಿತು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಆತನಿಗೂ ಹ್ಯೂಸನಿಗೂ ಪೂರ್ವ ಕರಾವಳಿ ಹಾಗೂ ಸಿಂಹಳದ ಸಮೀಪದಲ್ಲಿ ಐದು ಕಾಳಗಗಳಾದುವು. ಯುದ್ಧಚಾತುರ್ಯದಲ್ಲಿ ಸುಫ್ರೆನನೇ ಮಿಗಿಲು. ಹ್ಯೂಸನ ಕೈಯಿಂದ ಟ್ರಿಂಕೋಮಲಿ ಬಂದರವನ್ನೂ ಆತನು ಕಸಿದುಕೊಂಡನು. ಹಾಗಿದ್ದರೂ ಹ್ಯೂಸನ ಪಡೆಯನ್ನು ಮುರಿಯುವುದು ಆತನಿಂದಾಗಲಿಲ್ಲ.

ಇದಕ್ಕೆ ಒಂದು ಮುಖ್ಯ ಕಾರಣ ನಮ್ಮ ಈ ಮುಂಬಯಿ. ನೀರನ್ನು ಹೊರಹಾಕಿ ಹಡಗಿನ ತಳವನ್ನು ದುರಸ್ತಿ ಮಾಡುವ ಡಾಕ್ ಇಲ್ಲಿತ್ತು. 1782ರ ಕೊನೆಯಲ್ಲಿ ಜರ್ಜರಿತವಾದ ತನ್ನ ಹಡಗುಗಳನ್ನು ಹ್ಯೂಸ್ ಇಲ್ಲಿಗೇ ತಂದನು. ಅಂತಹ ಅನುಕೂಲವಿಲ್ಲದ ಸುಫ್ರೆನ್ ದೂರದ ಸುಮಾತ್ರಾಕ್ಕೆ ಹೋಗಿ ಮಳೆಗಾಲವನ್ನು ಕಳೆಯಬೇಕಾಯಿತು. ಆ ಡಿಸೆಂಬರಿನಲ್ಲೇ ಹೈದರನು ತೀರಿಕೊಂಡನು. 1783ರಲ್ಲಿ ಯೂರೋಪಿನ ಸಂಧಿಯ ಸುದ್ದಿ ಬಂದೊಡನೆ ಫ್ರೆಂಚರು ಕೈಬಿಟ್ಟರು. ಟಿಪ್ಪು ಒಬ್ಬಂಟಿಗನಾಗಿ ಹೋರಾಡಿ, 1784ರಲ್ಲಿ ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡನು.

ಹ್ಯೂಸ್ ಅಡ್ಮಿರಲ್ ಪದವಿಗೇರಿ 1794ರಲ್ಲಿ ನಿಧನನಾದನು. ಅವನನ್ನು ಮಹಾವೀರನೆಂದು ಹೊಗಳುವವರು ಕಡಮೆ. ಆದರೆ ಸೋಲದೆ ನಿಂತವನ ಬೆನ್ನಿಗೆ ಒಂದು ಬಂದರವಿತ್ತು, ಅದರಲ್ಲಿ ದುಡಿಯುವ ಬಡಗಿಗಳಿದ್ದರು ಎಂಬುದನ್ನು ನಾವು ಗಮನಿಸಬೇಕು. ನಮ್ಮ ಮಕ್ಕಳಿಗೆ ಮೈಸೂರಿನ ಕಥೆ ಹೇಳುವಾಗ ಶ್ರೀರಂಗಪಟ್ಟಣದ ಕೋಟೆಯೊಂದಿಗೆ ಮಂಗಳೂರಿನ ಆ ಹಡಗುಗಳನ್ನೂ ಹೇಳೋಣ.