ನೆಲ ಸವರಿ ಹೋಗುವ ಬಿಲ್ಲೆ

ಚರೆಕೋವಿಯ ಗುರಿಯಾಟದಲ್ಲಿ, ತಗ್ಗಿನಲ್ಲಿ ಅಡ್ಡಹಾಯುವ ಮಣ್ಣಿನ ಬಿಲ್ಲೆ ತಪ್ಪಿದಾಗಲೆಲ್ಲ ಈಗ ಒಂದೇ ಮಾತು ಕೇಳಿಬರುತ್ತದೆ: 'ಹಿಂದೆ ಬಿತ್ತು, ಇನ್ನೂ ಮುಂದಕ್ಕೆ ಹೊಡಿ.' ಎಷ್ಟು ಮುಂದಕ್ಕೆ ಎಂದು ಅಡಿಗಳ ಲೆಕ್ಕ ಬರೆದ ಪಟ್ಟಿಯನ್ನೂ ಹೊಸಬರ ಕೈಗಿಡುತ್ತಾರೆ. ಮೂವತ್ತು ವರ್ಷ ಚರೆಕೋವಿ ಹಿಡಿದಿದ್ದೇನೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಹುಡುಗರ ಬೆನ್ನ ಹಿಂದೆ ನಿಂತು ನೋಡಿದ್ದೇನೆ. ತಗ್ಗಿನ ಬಿಲ್ಲೆಯ ಈಡು ಬಹುಪಾಲು ಹಿಂದೆ ಬೀಳುವುದಿಲ್ಲ, ಮೇಲೆ ಹಾರಿಹೋಗುತ್ತದೆ. ಹಾಗಿದ್ದೂ ಎಲ್ಲರೂ 'ಹಿಂದೆ' ಎನ್ನುವುದೇಕೆ ಎಂಬುದಕ್ಕೆ ಈ ಆಟ ಬೆಳೆದುಬಂದ ದಾರಿಯಲ್ಲೇ ಉತ್ತರವಿದೆ.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವುದೇ. ಇಂಗ್ಲೆಂಡಿನಲ್ಲಿ ಪೆಟ್ಟಿಗೆಯಿಂದ ಜೀವಂತ ಪಾರಿವಾಳ ಬಿಟ್ಟು ಹೊಡೆಯುತ್ತಿದ್ದರು. 1870ರ ದಶಕದಲ್ಲಿ ಅಮೆರಿಕದ ಆಡಂ ಬೊಗಾರ್ಡಸ್ ಗಾಜಿನ ಗೋಲಿಗಳನ್ನು ಚಿಮ್ಮಿಸುವ ಯಂತ್ರ ತಂದ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿಯ ಮಣ್ಣಿನ ಬಿಲ್ಲೆ ಬಂತು. ಅಲ್ಲಿಯವರೆಗೂ ಗುರಿ ಎಂದರೆ ಹೊಡೆಯುವವನಿಂದ ದೂರಕ್ಕೆ, ಮೇಲಕ್ಕೆ ಹೋಗುವಂಥದ್ದೇ ಹೆಚ್ಚು. ಅಡ್ಡಹಾಯುವುದರ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ.

ಮುಂದಿನ ಪಾಠವೂ ಆಕಾಶದ್ದೇ. ಲಂಡನ್ನಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್, 25 ಇಂಚಿನ ಗಿಡ್ಡ ನಳಿಗೆಯ ಪ್ರಚಾರಕ, ಗುರಿಗಿಂತ ಎಷ್ಟು ಮುಂದೆ ಹೊಡೆಯಬೇಕೆಂಬ 'ಲೀಡಿ'ನ ಯೋಚನೆಯೇ ಬೇಡ, ಕಣ್ಣು ಹಕ್ಕಿಯ ಮೇಲಿದ್ದರೆ ಕೈ ತಾನೇ ಮುಂದೆ ಹೋಗುತ್ತದೆ ಎಂದು ಕಲಿಸಿದ. ಹಕ್ಕಿ ಹೋಗುವ ದಿಕ್ಕಿನ ಕಾಲಿನ ಮೇಲೆ ಭಾರ ಹಾಕಬೇಕೆಂಬುದು ಅವನ ಮತ. ವೆಸ್ಟ್ ಲಂಡನ್ ಶೂಟಿಂಗ್ ಸ್ಕೂಲಿನ ಪರ್ಸಿ ಸ್ಟ್ಯಾನ್‌ಬರಿ ಇದನ್ನು ಒಪ್ಪಲಿಲ್ಲ. ಹಕ್ಕಿ ಎತ್ತ ಹೋದರೂ ಭಾರ ಮುಂಗಾಲಿನ ಮೇಲೇ ಇರಲಿ, ಹಿಂದಿನಿಂದ ಬಂದು ಗುರಿಯನ್ನು ದಾಟಿ ಹೊಡೆ ಎಂದ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ತಲೆಯ ಮೇಲೆ ಹಾದುಹೋಗುವ ಫೆಸೆಂಟ್ ಹಕ್ಕಿ. ಆದರೂ ತಗ್ಗಿನ ಬಿಲ್ಲೆಗೆ ಸ್ಟ್ಯಾನ್‌ಬರಿಯೇ ಹತ್ತಿರ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿದರೆ ಭುಜ ವಾಲುತ್ತದೆ, ನಳಿಗೆ ಗೆರೆ ಬಿಡುತ್ತದೆ. ಆಕಾಶದಲ್ಲಿ ಅದು ಮುಚ್ಚಿಹೋಗಬಹುದು, ನೆಲದ ಹತ್ತಿರ ಗೇಣು ಜಾಗದ ತಪ್ಪಿಗೂ ಕ್ಷಮೆಯಿಲ್ಲ.

ಅಡ್ಡ ಬಿಲ್ಲೆಗೆ ನಿಜವಾದ ಶಾಲೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್‌ನ ಆ್ಯಂಡೋವರಿನಲ್ಲಿ. 1920ರ ಸುಮಾರಿಗೆ ಚಾರ್ಲ್ಸ್ ಡೇವಿಸ್ ಮತ್ತು ವಿಲಿಯಂ ಹಾರ್ನ್‌ಡನ್ ಫಾಸ್ಟರ್ ಸುತ್ತುವೃತ್ತದಲ್ಲಿ ನಿಂತು ಹೊಡೆಯುವ ಆಟ ಕಟ್ಟಿದರು. ಪಕ್ಕದಲ್ಲಿ ಕೋಳಿ ಸಾಕಣೆ ಶುರುವಾದಾಗ ವೃತ್ತ ಅರ್ಧವಾಯಿತು. 1926ರಲ್ಲಿ ಅದಕ್ಕೆ 'ಸ್ಕೀಟ್' ಎಂಬ ಹೆಸರು ಬಂತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಸ್ಥಾನವೂ ಸಿಕ್ಕಿತು. ಇದರ ನಾಲ್ಕನೇ ನಿಲ್ದಾಣದಲ್ಲಿ ಬಿಲ್ಲೆ ಸರಿಯಾಗಿ ಅಡ್ಡಲಾಗಿ ಹಾಯುತ್ತದೆ. ದೂರ ಸುಮಾರು 20 ಮೀಟರ್. ಚರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ 11 ಸೆಂಟಿಮೀಟರ್ ಅಗಲದ ಬಿಲ್ಲೆ ಒಂದು ಮೀಟರಿಗಿಂತ ತುಸು ಹೆಚ್ಚೇ ಮುಂದೆ ಹೋಗಿರುತ್ತದೆ. ಹಾದಿ ಪ್ರತಿಸಲವೂ ಅದೇ ಆದ್ದರಿಂದ ಆ ಅಂತರವನ್ನು ಮೊದಲಿನಿಂದ ಕಡೆಯವರೆಗೂ ಕಾಯ್ದುಕೊಂಡು ಹೊಡೆಯುವ ಪದ್ಧತಿ ಗಟ್ಟಿಯಾಯಿತು. ಅಡಿಗಳ ಪಟ್ಟಿ ಹುಟ್ಟಿದ್ದೂ ಇಲ್ಲೇ.

ನಮ್ಮ ಪೀಳಿಗೆ ಕಣ್ಣರಳಿಸಿ ನೋಡಿದ್ದು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಕೀಟಿನಲ್ಲಿ ಜಾಂಗ್ ಶಾನ್‌ಳನ್ನು. ಗಂಡಸರೊಂದಿಗೇ ಸ್ಪರ್ಧಿಸಿ, ಅಂತಿಮ ಸುತ್ತಿಗೆ ಮೊದಲಿನ 200ಕ್ಕೆ 200 ಹೊಡೆದು ಚಿನ್ನ ಗೆದ್ದಳು. ಮುಂದಿನ ಒಲಿಂಪಿಕ್ಸ್‌ಗೆ ಆ ಸ್ಪರ್ಧೆಯನ್ನು ಗಂಡಸರಿಗೆ ಮಾತ್ರ ಎಂದು ಮಾಡಿದ್ದು ಇಂದಿಗೂ ನೋಯುವ ಸಂಗತಿ. ಸ್ಕೀಟಿನಲ್ಲೇ ವಿನ್ಸೆಂಟ್ ಹ್ಯಾನ್‌ಕಾಕ್‌ನ ನಾಲ್ಕು ಒಲಿಂಪಿಕ್ ಚಿನ್ನಗಳನ್ನೂ ನಾವೇ ಕಂಡೆವು. ಇವರಿಂದ ಕಲಿಯಬೇಕಾದದ್ದು ಕೋವಿಯ ಅವಸರವಿಲ್ಲದ ನಡೆ. ನಾವು ಎತ್ತಿಕೊಂಡದ್ದು ಅಡಿಗಳ ಲೆಕ್ಕ.

ಸ್ಕೀಟಿನ ಬಿಲ್ಲೆ, ಅದನ್ನು ಎಸೆಯುವ ಎರಡು ಮನೆಗಳಲ್ಲಿ ತಗ್ಗಿನದರಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಹೊರಟರೂ ಮೈದಾನದ ನಡುವೆ ನಾಲ್ಕೂವರೆ ಮೀಟರ್ ಮೇಲಿರುತ್ತದೆ. ನೆಲದ ಮೇಲೇ ಉರುಳುವ, ಕಲ್ಲು ತಗುಲಿದರೆ ನೆಗೆಯುವ 'ಮೊಲ'ದ ಬಿಲ್ಲೆಗೆ ಆ ಲೆಕ್ಕ ಹೊಂದದು. ಬೇಸಿಗೆಯ ಒಣ ಗದ್ದೆಯಲ್ಲಿ ನಿಂತು ನೋಡಿ. ಈಡು ಹೋಗುತ್ತದೆ, ಬಿಲ್ಲೆ ಉರುಳುತ್ತಲೇ ಇರುತ್ತದೆ, ಅದರ ಬೆನ್ನಿಗೆ ಕೆಂಧೂಳು ಏಳುತ್ತದೆ. 'ನೋಡಿ ಸಾರ್, ಹಿಂದೆ' ಎನ್ನುತ್ತಾನೆ ಹುಡುಗ. ಧೂಳು ಎದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಬಿಲ್ಲೆ ಎರಡು ಮೂರು ಮೀಟರ್ ಸಾಗಿರುತ್ತದೆ. ಈಡು ತುಸು ಮುಂದಿದ್ದರೂ ಧೂಳು ಹಿಂದೆಯೇ ಕಾಣುತ್ತದೆ. ಧೂಳು ನಿಜ ಹೇಳುವುದು ಎತ್ತರದ ವಿಷಯದಲ್ಲಿ. ಬಿಲ್ಲೆಯ ಹಾದಿಯ ಆಚೆಗೆ ಎದ್ದರೆ ಚರೆ ಮೇಲಿಂದ ಹೋಯಿತು, ಈಚೆಗೆ ಎದ್ದರೆ ಕೆಳಗೆ ಬಿತ್ತು. ಹತ್ತರಲ್ಲಿ ಏಳೆಂಟು ಸಲ ಆಚೆಗೇ ಏಳುತ್ತದೆ.

ಕಾರಣ ಕೆನ್ನೆಯಲ್ಲಿದೆ. ನಳಿಗೆ ಬಿಲ್ಲೆಯನ್ನು ಮರೆಮಾಡೀತೆಂದು ತಲೆ ಎತ್ತುತ್ತಾರೆ. ಕಣ್ಣು ಮೇಲೇರಿದರೆ ಈಡೂ ಮೇಲೇರುತ್ತದೆ. ಜೊತೆಗೆ ಅನೇಕ ಕೋವಿಗಳು ಹುಟ್ಟಿನಿಂದಲೇ ತುಸು ಮೇಲಕ್ಕೆ ಹೊಡೆಯುವಂಥವು. ನಾನು ಕಲಿಸುವುದು ಇಷ್ಟು: ಬಿಲ್ಲೆ ಒಡೆಯಬೇಕಾದ ಜಾಗಕ್ಕೆ ಪಾದ ತಿರುಗಿರಲಿ. ನಳಿಗೆಯ ತುದಿ ಹಾದಿಯ ಗೆರೆಗಿಂತ ಕೆಳಗೆ ಕಾಯಲಿ, ಬಿಲ್ಲೆ ಸದಾ ನಳಿಗೆಯ ಮೇಲೆ ಕಾಣಲಿ. ಕಣ್ಣು ಬಿಲ್ಲೆ ನೆಲ ಮುಟ್ಟುವ ಅಂಚಿನಲ್ಲಿ ನೆಡಲಿ. ಕೋವಿ ಬಿಲ್ಲೆಯ ವೇಗದಲ್ಲೇ ಹೆಗಲೇರಲಿ, ಟ್ರಿಗರ್ ಎಳೆದ ಮೇಲೂ ನಿಲ್ಲದಿರಲಿ. ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿ ಹೊಡೆದು ಬಂದ ಕೊಡಗಿನ ಹುಡುಗರಿಗೆ ಈ ಕೊನೆಯದೇ ಕಷ್ಟ. ಅವರ ಕೈಗೆ ಕೋವಿಯನ್ನು ನಿಲ್ಲಿಸಿಯೇ ಅಭ್ಯಾಸ.

ನಮ್ಮ ದೇಶದಲ್ಲಿ ಸ್ಕೀಟಿಗೆ ಬೆಲೆ ಬಂದದ್ದೇ ತಡವಾಗಿ. ಮೈರಾಜ್ ಅಹ್ಮದ್ ಖಾನ್ 2016ರಲ್ಲಿ ರಿಯೋಗೆ ಹೋದಾಗ ಈ ವಿಭಾಗದ ನಮ್ಮ ಮೊದಲ ಒಲಿಂಪಿಯನ್. 2024ರ ಪ್ಯಾರಿಸ್ಸಿನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಮಿಶ್ರ ತಂಡದ ಕಂಚನ್ನು ಚೀನಾಕ್ಕೆ 43-44ರಿಂದ ಬಿಟ್ಟುಕೊಟ್ಟರು. ಒಂದೇ ಬಿಲ್ಲೆಯ ಅಂತರ. ನಾನು ಹೋಗಿಬಂದ ರೇಂಜುಗಳಲ್ಲಿ ಬಿಲ್ಲೆ ದೂರಕ್ಕೆ ಹಾರುವ 'ಟ್ರ್ಯಾಪ್' ಆಟದ ಯಂತ್ರಗಳಿವೆ, ಸ್ಕೀಟಿನ ಎರಡು ಮನೆಗಳಿವೆ. ನೆಲದ ಮೇಲೆ ಬಿಲ್ಲೆ ಉರುಳಿಸುವ ಯಂತ್ರವನ್ನು ಎರಡು ಕಡೆ ಮಾತ್ರ ನೋಡಿದೆ. ಒಂದರ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಇನ್ನೊಂದನ್ನು ಟಾರ್ಪಾಲಿನ ಅಡಿ ಮುಚ್ಚಿಟ್ಟಿದ್ದರು.