ದೆವ್ವದ ಕಥೆ ಬರೆದ ಪಾದ್ರಿಯ ಮಗ

ಊರಿನಲ್ಲಿ ಮಳೆಗಾಲದ ರಾತ್ರಿ ದೀಪ ಆರಿದರೆ ಸಾಕು, ಅಜ್ಜಿಯ ಬಾಯಿಂದ ಕೊಳ್ಳಿದೆವ್ವ ಹೊರಡುತ್ತಿತ್ತು. ಇಲ್ಲಿ ದೋಹಾದಲ್ಲಿ ಹುಣಿಸೆಮರವೂ ಇಲ್ಲ, ಹಾಳುಬಾವಿಯೂ ಇಲ್ಲ. ಆದರೂ ನಮ್ಮ ಮಕ್ಕಳು "ದೆವ್ವ ನಿಜವೇ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಇದೇ ಪ್ರಶ್ನೆಯ ಬೆನ್ನುಹತ್ತಿ ಮನೆಮನೆ ಅಲೆದ ಮೇಷ್ಟರೊಬ್ಬರಿದ್ದರು. ಕನ್ನಡಿಗರಲ್ಲ, ನೆರೆಯ ಮಲೆಯಾಳದವರು. ಹೆಸರು ಅಬ್ರಹಾಂ ಕೋವೂರ್.

1898ರ ಏಪ್ರಿಲ್ 10ರಂದು ತಿರುವಲ್ಲದಲ್ಲಿ ಹುಟ್ಟಿದ ಕೋವೂರರ ತಂದೆ ಮಾರ್‌ತೋಮಾ ಸಿರಿಯನ್ ಸಭೆಯ ಹಿರಿಯ ಪಾದ್ರಿ. ಮನೆಯೇ ಅರ್ಧ ಇಗರ್ಜಿ ಎನ್ನಬೇಕು. ಅಂಥ ಮನೆಯ ಮಗ ಕಲ್ಕತ್ತೆಯ ಬಂಗಬಾಸಿ ಕಾಲೇಜಿಗೆ ಸಸ್ಯಶಾಸ್ತ್ರ ಓದಲು ಹೋದರು. ರಜೆಗೆ ಊರಿಗೆ ಹೊರಟಾಗ ಪರಿಚಯದವರು ಗಂಗಾಜಲ ತರಲು ಹೇಳಿದ್ದರಂತೆ. ಇವರು ದಾರಿಯಲ್ಲಿ ಸಿಕ್ಕ ಸಾಮಾನ್ಯ ನೀರನ್ನೇ ತುಂಬಿಕೊಂಡು ಹೋಗಿ ಕೊಟ್ಟರು. ಆಮೇಲೆ ನೋಡಿದರೆ ಅದರಿಂದ ರೋಗ ವಾಸಿಯಾಯಿತೆಂದು ಹೇಳಿದವರೇ ಹೇಳಿದವರು! ಸ್ವತಃ ಕೋವೂರರೇ ಹೇಳುತ್ತಿದ್ದ ಕಥೆ ಇದು.

ಕೊಟ್ಟಾಯಂನಲ್ಲಿ ಕೆಲಕಾಲ ಪಾಠ ಹೇಳಿ, 1928ರಲ್ಲಿ ಸಿಂಹಳಕ್ಕೆ ಹೋಗಿ ಮಿಷನ್ನಿನ ಜಾಫ್ನಾ ಸೆಂಟ್ರಲ್ ಕಾಲೇಜು ಸೇರಿದರು. ಪಾದ್ರಿಯ ಮಗನಲ್ಲವೇ ಎಂದು ಬೈಬಲ್ ಪಾಠವನ್ನೂ ಅವರಿಗೇ ವಹಿಸಲಾಯಿತು. ಪರೀಕ್ಷೆಯಲ್ಲಿ ಹುಡುಗರೆಲ್ಲ ಚೆನ್ನಾಗಿ ತೇರ್ಗಡೆಯಾದರು. ಆದರೆ ಮರುವರ್ಷ ಆ ಪಾಠ ಬೇರೆಯವರ ಪಾಲಾಯಿತು. ಕಾರಣ ಕೇಳಿದರೆ, ಹುಡುಗರು ಅಂಕವನ್ನೇನೋ ಗಳಿಸಿದ್ದಾರೆ, ಆದರೆ ನಂಬಿಕೆಯನ್ನು ಕಳೆದುಕೊಂಡಿದ್ದಾರೆ ಎಂಬ ಉತ್ತರ ಬಂತಂತೆ.

1959ರಲ್ಲಿ ಕೊಲಂಬೋದ ಥರ್ಸ್ಟನ್ ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರ ನಿಜವಾದ ಕೆಲಸ ಆರಂಭವಾಯಿತು. ಎಲ್ಲಿ ದೆವ್ವದ ಕಾಟವೆಂದರೂ ಹೊರಟುಬಿಡುವರು. ಅಂಥ ಮನೆಗಳ ಅನುಭವವನ್ನು ಅವರು ಬರೆದ ರೀತಿ ಒಳ್ಳೆಯ ಪತ್ತೇದಾರಿ ಕಥೆಯಂತೆ: ಮೊದಲು ಮೈ ಜುಮ್ಮೆನ್ನುತ್ತದೆ, ಕೊನೆಗೆ ಕರುಳು ಚುರುಕ್ಕೆನ್ನುತ್ತದೆ. ಏಕೆಂದರೆ ಕಲ್ಲೆಸೆಯುವ, ಬಟ್ಟೆಗೆ ಬೆಂಕಿಯಿಡುವ ಆ ದೆವ್ವ ಎಷ್ಟೋ ಸಲ ಮನೆಯೊಳಗಿನದೇ ಒಂದು ನೊಂದ ಜೀವವಾಗಿರುತ್ತಿತ್ತು. ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತನಾಡಿಸುವುದು, ಅಗತ್ಯವಿದ್ದರೆ ಸಂಮೋಹನ ಮಾಡುವುದು ಅವರ ಕ್ರಮ. ಬೀದರ, ಗುಲ್ಬರ್ಗಾ ಕಡೆಯ ಓದುಗರಿಗೆ ಇಲ್ಲಿ ಭಾನಾಮತಿ ನೆನಪಾಗದೆ ಇರದು. ಅಲ್ಲಿ ಮಾಟಗಾರರೆಂದು ಹೊಡೆತ ತಿಂದವರು ಎಷ್ಟು ಮಂದಿಯೋ! 1972ರಲ್ಲಿ ತೆರೆಕಂಡ 'ಪುನರ್ಜನ್ಮಂ' ಎಂಬ ಮಲೆಯಾಳ ಚಿತ್ರದ ಕಥೆ ಕೋವೂರರ ಇಂಥ ಒಂದು ಪ್ರಕರಣದ್ದೇ.

ಪವಾಡ ಪುರುಷರಿಗೆ 1963ರಲ್ಲಿ ಒಂದು ಲಕ್ಷ ಸಿಂಹಳ ರೂಪಾಯಿಯ ಸವಾಲು ಹಾಕಿದರು. ಮೊಹರು ಮಾಡಿದ ಲಕೋಟೆಯೊಳಗಿನ ನೋಟಿನ ನಂಬರು ಓದಿದರೂ ಸಾಕಿತ್ತು. ಅವರಿರುವ ತನಕ ಹಣ ಯಾರ ಕೈಗೂ ಹೋಗಲಿಲ್ಲ. ಅವರ 'ಬಿಗಾನ್ ಗಾಡ್‌ಮೆನ್' ಪುಸ್ತಕ ಮುಂಬಯಿಯಲ್ಲಿ ಅಚ್ಚಾದದ್ದು 1976ರಲ್ಲಿ. ನಮ್ಮ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದೂ ಅದೇ ವರ್ಷ.

ದಿನವೂ ದೇವರಿಗೆ ದೀಪ ಹಚ್ಚುವವನು ನಾನು. ಭೂತ ಸುಳ್ಳಾದ ಮಾತ್ರಕ್ಕೆ ಭಗವಂತನೂ ಸುಳ್ಳು ಎಂಬ ಅವರ ಜಿಗಿತ ನನಗೆ ಒಪ್ಪಿಗೆಯಿಲ್ಲ. ಅವರ ಕೊಂಕುಮಾತು ಹಲವೆಡೆ ಮಿತಿ ಮೀರಿದೆ. ಆದರೆ ಮಾತಿನಂತೆ ನಡೆದವರು ಎಂಬುದನ್ನು ಒಪ್ಪಲೇಬೇಕು. 1974ರಲ್ಲಿ ಪತ್ನಿ ತೀರಿಕೊಂಡಾಗ ಇಗರ್ಜಿಯ ಗಂಟೆ ಬಾರಿಸಲಿಲ್ಲ, ದೇಹ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಹೋಯಿತು. 1978ರ ಸೆಪ್ಟೆಂಬರ್ 18ರಂದು ತೀರಿಕೊಂಡ ಕೋವೂರರೂ ತಮ್ಮ ಕಣ್ಣುಗಳನ್ನು ನೇತ್ರಭಂಡಾರಕ್ಕೆ, ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದಿಟ್ಟಿದ್ದರು. ಅಲ್ಲಿನ ಕೆಲಸ ಮುಗಿದ ಮೇಲೆ ಅಸ್ಥಿಪಂಜರವನ್ನು ತಾವು ಪಾಠ ಹೇಳಿದ ಥರ್ಸ್ಟನ್ ಕಾಲೇಜಿನ ಪ್ರಯೋಗಶಾಲೆಗೆ ಕೊಡಬೇಕೆಂದೂ ಸೂಚಿಸಿದ್ದರು.